ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚು

ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುವ ಅವನನ್ನು ಬೀದಿಯವರೆಲ್ಲ ಬ್ರಷ್ಷಣ್ಣ ಎಂದೇ ಕರೆಯುತ್ತಿದ್ದರು. ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಸದಾ ಹಲ್ಲುಜ್ಜುವ ಹಳೆಯ ಬ್ರಷ್ ಒಂದಿರುತ್ತಿತ್ತು. ಸ್ವಿಚ್ ಸರಿಮಾಡು ಎಂದು ಕೊಟ್ಟರೆ ಒಳಗಿನ ಧೂಳು ಉಜ್ಜಿ, ಸಡಿಲ ತಿರುಪನ್ನೂ ಬಿಗಿದು ಕೊಡುವ ಪ್ರಾಣಿ. "ಹೇಳಿದ್ದಕ್ಕಿಂತ ಒಂದು ಕೈ ಹೆಚ್ಚು" ಎನ್ನುವುದು ಅವನ ಜಂಬ. ಆ ಹೆಚ್ಚಿನ ಕೈಯೇ ಅವನಿಗೆ ಮುಳುವಾಯಿತು.

ಅವನ ಭಾವ, ಅಂದರೆ ಅಕ್ಕನ ಗಂಡ, ಹಗಲು ಅಂಚೆ ವಿಂಗಡಿಸಿ, ಸಂಜೆ ಒಂದು ತಂಡದಲ್ಲಿ ಬೇಸ್ ಗಿಟಾರ್ ನುಡಿಸುವವರು. ಇಪ್ಪತ್ತಾರು ವರ್ಷದಿಂದ ಒಂದೇ ಗಿಟಾರ್, ಅದೂ ಸೆಕೆಂಡ್ ಹ್ಯಾಂಡ್. ಮೊಣಕೈ ತಾಗುವಲ್ಲಿ ಬಣ್ಣ ಹೋಗಿ ಮರ ಕಾಣುತ್ತಿತ್ತು. ಸ್ವರ ಮಾತ್ರ ಸಾಟಿಯಿಲ್ಲದ್ದು. ಮಹಡಿಯ ಮೇಲೆ ಯಾರೋ ಬರಿಗಾಲಲ್ಲಿ ನಡೆದಂತೆ ದುಂಡಗೆ, ಮೆತ್ತಗೆ ಬಂದು, ಬೇಕಾದಷ್ಟೇ ನಿಂತು ಸುಮ್ಮನಾಗುತ್ತಿತ್ತು. ಕಿವಿಗಿಂತ ಮೊದಲು ಎದೆಗೆ ತಾಗುತ್ತಿತ್ತು. ತಂಡದಲ್ಲಿ ಹಾಡುವವಳಂತೂ ಸುಸ್ತಾದಾಗ ಅದಕ್ಕೇ ಒರಗಿಕೊಳ್ಳುತ್ತೇನೆ ಎನ್ನುತ್ತಿದ್ದಳು.

ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುತ್ತದೆ ಎಂದು ಭಾವ ಅದನ್ನು ಬ್ರಷ್ಷಣ್ಣನ ಅಂಗಡಿಗೆ ತಂದುಕೊಟ್ಟರು. ಅವನು ಹತ್ತೇ ನಿಮಿಷದಲ್ಲಿ ಸರಿಪಡಿಸಿದ. ಕೈ ಸುಮ್ಮನಿರಬೇಕಲ್ಲ. ತಂತಿಗಳು ಕೊನೆಯಾಗುವಲ್ಲಿದ್ದ ಲೋಹದ ಮುಚ್ಚಳವನ್ನೂ ಬಿಚ್ಚಿದ. ಕೆಳಗೆ, ತಂತಿಗಳಿಗೆ ಒತ್ತಿಕೊಂಡು, ಕಪ್ಪಗಾದ ಸ್ಪಂಜಿನ ತುಂಡೊಂದಿತ್ತು. ಇಲಿ ತಂದು ತುರುಕಿರಬೇಕು ಎಂದುಕೊಂಡು ಚಿಮುಟದಲ್ಲಿ ಎತ್ತಿ ಕಸಕ್ಕೆ ಹಾಕಿ, ಮುಚ್ಚಳವನ್ನು ಫಳಫಳ ಹೊಳೆಯುವಂತೆ ಉಜ್ಜಿ ಕೂರಿಸಿದ.

ಮರುದಿನ ಭಾವನ ಮನೆಯಲ್ಲಿ ಮೊದಲ ಸ್ವರ ಕೇಳಿದಾಗಲೇ ಅವನಿಗೆ ತನ್ನ ತಪ್ಪು ತಿಳಿಯಿತು. ಸ್ವರ ನಿಲ್ಲಲೇ ಇಲ್ಲ. ಪಾತ್ರೆ ಬಿದ್ದ ಹಾಗೆ ಗಣಗಣ ಎಳೆದುಕೊಂಡು ಹೋಗಿ ಮುಂದಿನ ಸ್ವರದ ಮೇಲೆ ಬಿತ್ತು. ತಂತಿಯನ್ನು ಹಿಡಿದು ಪಳಗಿಸುತ್ತಿದ್ದುದು ಆ ಸ್ಪಂಜೇ. ಹಿಂದಿನ ಯಾರೋ ಜಾಣ ಬೇಕೆಂದೇ ಇಟ್ಟದ್ದು. ಎಂದೂ ಮುಚ್ಚಳ ತೆಗೆಯದ ಭಾವನಿಗೆ ಅದು ಗೊತ್ತೇ ಇರಲಿಲ್ಲ. ಅವರು ತಮ್ಮ ಎಡಗೈಯನ್ನು ನೋಡಿಕೊಂಡರು.

"ಮೊನ್ನೆಯಿಂದ ಬೆರಳು ಜೋಮು ಹಿಡೀತಿತ್ತು ಕಣೋ. ಈಗ ಮಾತೇ ಕೇಳ್ತಿಲ್ಲ."

ಬಾಯಿ ಬಿಡಬೇಕಾಗಿದ್ದ ಗಳಿಗೆ ಅದೇ. ಅವನು ಬಿಡಲಿಲ್ಲ. "ಸರಿಹೋಗತ್ತೆ ಭಾವ" ಎಂದ. ಎಂಥ ಹೇಡಿ ನಾನು ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ.

ಆಸ್ಪತ್ರೆಗೂ ಜೊತೆಗೆ ಹೋದ. ಡಾಕ್ಟರು ಬೆರಳಿಗೆ ಸೂಜಿ ಚುಚ್ಚಿ ನೋಡಿ, ಏನೂ ತೊಂದರೆಯಿಲ್ಲ ಎಂದರು. "ಅವರಿಗೇನು ಗೊತ್ತು, ಅವರು ಬೇಸ್ ನುಡಿಸ್ತಾರಾ?" ಎಂದು ಭಾವ ತಂಡ ಬಿಟ್ಟರು. ಗಿಟಾರ್ ಬೀರುವಿನ ಹಿಂದೆ ಸೇರಿತು. ಬ್ರಷ್ಷಣ್ಣನಿಗೆ ಅನ್ನ ಸೇರದಾಯಿತು. ಒಂದು ದಿನ ಅಕ್ಕ ಪಾತ್ರೆ ತೊಳೆಯುತ್ತ "ಆ ಸ್ಪಂಜ್ ಎಲ್ಲಿ ಹೋಯ್ತೋ?" ಎಂದಾಗ, "ನಾನೇನ್ ಮಾಡಿದೆ?" ಎಂದುಬಿಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಅಂದೇ ಅಂಗಡಿಯ ಕುರ್ಚಿಯ ಮೆತ್ತೆಯಿಂದ ಒಂದು ತುಂಡು ಸ್ಪಂಜು ಕತ್ತರಿಸಿ ಜೇಬಿಗೆ ಹಾಕಿಕೊಂಡ. ಅದು ಒಂದು ತಿಂಗಳು ಜೇಬಿನಲ್ಲೇ ಉಳಿಯಿತು.

ತಂಡ ಬಿಟ್ಟ ಹನ್ನೊಂದನೇ ವಾರ ಭಾವ ಬೀರುವಿನ ಹಿಂದಿನಿಂದ ಗಿಟಾರ್ ತೆಗೆದು ಅವನ ಮಡಿಲಿಗಿಟ್ಟರು. "ನೀನೇ ಇಟ್ಕೋ. ಇದನ್ನ ಚೆನ್ನಾಗಿ ನೋಡ್ಕೊಂಡವನು ನೀನೊಬ್ಬನೇ."

ಅದನ್ನು ಮಾತ್ರ ಅವನಿಂದ ತಡೆಯಲಾಗಲಿಲ್ಲ. ಮುಚ್ಚಳ ಬಿಚ್ಚಿ, ತುಂಡನ್ನು ತಂತಿಗಳ ಕೆಳಗೆ ತೂರಿಸುತ್ತ ಎಲ್ಲ ಹೇಳಿದ. "ಬೆರಳಲ್ಲ ಭಾವ, ನಾನು."

ಭಾವ ಗಿಟಾರ್ ತೆಗೆದುಕೊಂಡು ಒಂದು ತಂತಿ ಮೀಟಿದರು. ಮಹಡಿಯ ಮೇಲೆ ಬರಿಗಾಲು ನಡೆಯಿತು. ಅವರ ಮುಖ ಅರಳಿತು. ಬೆರಳುಗಳನ್ನು ಮಡಚಿ, ಬಿಡಿಸಿ, ಮತ್ತೆ ಮೀಟಿದರು. ಆಮೇಲೆ ಕೈ ನಿಂತಿತು.

"ಆಸ್ಪತ್ರೇಲಿ ಸೂಜಿ ಚುಚ್ಚೋವಾಗ ನೀನು ನನ್ನ ಭುಜ ಹಿಡ್ಕೊಂಡಿದ್ದೆ."

"ಹೌದು ಭಾವ."

"ಆಗ ಗೊತ್ತಿತ್ತಾ?"

"ಗೊತ್ತಿತ್ತು."

ಭಾವ ಕಿಟಕಿಯ ಕಡೆ ತಿರುಗಿ ಕುಳಿತು ನುಡಿಸತೊಡಗಿದರು. ಹೋಗು ಎನ್ನಲಿಲ್ಲ, ಕೂತ್ಕೋ ಎಂದೂ ಅನ್ನಲಿಲ್ಲ. ಬಿಚ್ಚಿದ ಮುಚ್ಚಳ ಬ್ರಷ್ಷಣ್ಣನ ಕೈಯಲ್ಲೇ ಇತ್ತು. ಹಾಕಿಕೊಡಲೇ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ.