ಬ್ರೇಕ್ ಮೇಷ್ಟ್ರ ಬಾಡಿಗೆ ಕಾರು

ಬಾಡಿಗೆ ಕಾರಿನ ದರ ಕೇಳಿ ನಮ್ಮ ಮನೆಯಲ್ಲಿ ಮೊದಲು ಬೆಚ್ಚಿಬಿದ್ದವರು ಅತ್ತೆ. "ಇದು ದಿನಕ್ಕಾ? ನಾನು ವಾರಕ್ಕೆ ಅಂದ್ಕೊಂಡೆ" ಎನ್ನುತ್ತ, ಹೆಚ್ಚುತ್ತಿದ್ದ ತರಕಾರಿಯನ್ನು ಅಲ್ಲೇ ಬಿಟ್ಟು ಬಂದು ನನ್ನ ಫೋನಿನೊಳಗೆ ಇಣುಕಿದರು. ಆಮೇಲೆ ಸರದಿಯಂತೆ ನಾವೆಲ್ಲ ಬೆಚ್ಚಿಬಿದ್ದೆವು. ಆದರೆ ಆ ಪ್ರವಾಸದಲ್ಲಿ ಮುಂದೆ ನಮಗಾದ ಗಾಬರಿಯ ಎದುರು ದರದ ಗಾಬರಿ ಏನೇನೂ ಅಲ್ಲ.

ಪ್ರವಾಸದ ಆಸೆ ಮಾವನದು. ಅವರದು ಡ್ರೈವಿಂಗ್ ಸ್ಕೂಲು. ಊರಿಗೆಲ್ಲ ಅವರು ಬ್ರೇಕ್ ಮೇಷ್ಟ್ರು. ಕಲಿಯುವವರು ಬಲಗಡೆ ಸ್ಟಿಯರಿಂಗ್ ಹಿಡಿದು ಬೆವರುತ್ತಿದ್ದರೆ, ಇವರು ಎಡಗಡೆ ಸೀಟಿನಲ್ಲಿ ತಮ್ಮ ಕಾಲಿನ ಕೆಳಗೆ ಬೇರೆಯದೇ ಒಂದು ಕ್ಲಚ್ಚು, ಒಂದು ಬ್ರೇಕು ಇಟ್ಟುಕೊಂಡು ಕೂರುತ್ತಿದ್ದರು. ಆಕ್ಸಿಲರೇಟರ್ ಮಾತ್ರ ಕಲಿಯುವವರ ಪಾಲಿಗೆ. ಎದುರಿಗೆ ನಾಯಿ ಬರಲಿ, ನಾಯಿಯ ನೆರಳು ಬರಲಿ, ಮಾವನ ಕಾಲು ಒತ್ತಿಯಾಗಿರುತ್ತಿತ್ತು. ಅವರ ಕೈಯಲ್ಲಿ ಕಲಿತವರು ದೇಶವಿದೇಶಗಳಲ್ಲಿ ಕಾರು ಓಡಿಸುತ್ತ ಫೋಟೋ ಕಳಿಸುತ್ತಿದ್ದರು. ಸ್ಕೂಲು ಮುಚ್ಚಿದ ದಿನ ಅಂಥದೊಂದು ಫೋಟೋ ನೋಡುತ್ತ ಮಾವ ಹೇಳಿದ್ದು ಒಂದೇ ಮಾತು. "ಎಲ್ಲರೂ ಓಡಿಸ್ತಾರೆ, ನಾನು ಮಾತ್ರ ಪಕ್ಕದಲ್ಲೇ ಕೂತಿದ್ದೆ. ಒಂದ್ಸಲ ನಿಮ್ಮನ್ನೆಲ್ಲ ಕೂರಿಸ್ಕೊಂಡು ಅಂಥ ರಸ್ತೇಲಿ ನಾನೇ ಓಡಿಸ್ಬೇಕು."

ಅಷ್ಟು ಆಸೆಪಟ್ಟವರಿಗೆ ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಟಿಕೆಟ್ಟಾಯಿತು. ಕಾರಿನ ಆಯ್ಕೆ ಶುರುವಾಯಿತು, ಮನೆಯ ನೆಮ್ಮದಿ ಹೋಯಿತು. ಊಟದ ಮೇಜು ಆಫೀಸಾಯಿತು. ಪುಟ್ಟ ಕಾರು ಅಗ್ಗವೆಂದು ಹಿಗ್ಗಿದರೆ ಅದರ ಡಿಕ್ಕಿಯಲ್ಲಿ ಅತ್ತೆಯ ಒಂದು ಪೆಟ್ಟಿಗೆಯೂ ಹಿಡಿಸದು. ದೊಡ್ಡದನ್ನು ನೋಡಿದರೆ ನನ್ನ ಗಂಡನ ಮುಖ ಸಣ್ಣದಾಗುತ್ತಿತ್ತು. ವಿಮೆಯ ಕಥೆಯಂತೂ ಕೇಳಬೇಡಿ, ಗೀರಿದರೆ ಒಂದು ದರ, ಗುದ್ದಿದರೆ ಒಂದು ದರ, ಗಾಜಿಗೂ ಚಕ್ರಕ್ಕೂ ಬೇರೆ ಬೇರೆ. ನನ್ನ ಮಗಳಿಗೆ ಕಡ್ಡಾಯವಾಗಿ ಬೇಕಾದ ಮಕ್ಕಳ ಸೀಟಿನ ಬಾಡಿಗೆ ನೋಡಿ ನಾನೇ ಮೂಗಿನ ಮೇಲೆ ಬೆರಳಿಟ್ಟೆ. ಆ ದುಡ್ಡಿಗೆ ಹೊಸ ಸೀಟನ್ನೇ ಕೊಂಡು, ಮಿಕ್ಕಿದ್ದರಲ್ಲಿ ಅವಳಿಗೊಂದು ಸೈಕಲ್ಲೂ ತರಬಹುದಿತ್ತು.

ಆಟೋಮ್ಯಾಟಿಕ್ ಬೇಡ ಎಂದು ಮಾವ ಕಡ್ಡಿ ಮುರಿದಂತೆ ಹೇಳಿದರು. ದುಬಾರಿ ಎನ್ನುವುದು ಒಂದು ಕಾರಣ, ಗೇರಿಲ್ಲದ್ದು ಕಾರೇ ಅಲ್ಲ ಎನ್ನುವುದು ಇನ್ನೊಂದು. ಆ ದೇಶದಲ್ಲಿ ಸ್ಟಿಯರಿಂಗ್ ಎಡಗಡೆ ಇರುತ್ತದೆ ಮಾವ ಎಂದು ನೆನಪಿಸಿದೆ. ಅವರಿಗೆ ನಗು ಬಂತು. "ಎಡಗಡೆ ಸೀಟು ನನಗೇನು ಹೊಸದೇನಮ್ಮ?"

ಕೊನೆಗೆ ಉಳಿದದ್ದು ಎರಡನೆಯ ಡ್ರೈವರ್ ಎಂಬ ಸಾಲು. ಇನ್ನೊಬ್ಬರ ಹೆಸರು ಸೇರಿಸಿದರೆ ದಿನದಿನವೂ ಹೆಚ್ಚಿನ ದುಡ್ಡು. ನನ್ನ ಗಂಡ ಡ್ರೈವಿಂಗ್ ಕಲಿತೇ ಇಲ್ಲ. ಅಪ್ಪನ ಬೈಗುಳವನ್ನು ಮನೆಯಲ್ಲಿ ಕೇಳುವುದೇ ಸಾಕಾಗಿತ್ತು ಅವರಿಗೆ. ಲೈಸೆನ್ಸಿದ್ದದ್ದು ಮಾವನಿಗೆ ಮತ್ತು ನನಗೆ. ಪರೀಕ್ಷೆಯಲ್ಲಿ ನಾನು ಪಾಸಾಗಿದ್ದೆ, ಮಾವನ ಹತ್ತಿರ ಆಗಿರಲಿಲ್ಲ. ತಾವು ಪಕ್ಕದಲ್ಲಿಲ್ಲದೆ ಒಂದು ದಿನವೂ ಅವರು ನನ್ನ ಕೈಗೆ ಕಾರು ಕೊಟ್ಟಿರಲಿಲ್ಲ. ವಿದೇಶದಲ್ಲಿ ನಡೆಯುವ ಪರವಾನಗಿಯನ್ನು ನನಗೂ ಮಾಡಿಸಿದ್ದರು, ಕಾಗದ ಇರಲಿ ಎಂದೇ ಹೊರತು ಓಡಿಸಲಿ ಎಂದಲ್ಲ. "ನಾನಿರೋವಾಗ ಎರಡನೆಯವರು ಯಾಕೆ? ದಂಡ" ಎಂದು ಆ ಸಾಲನ್ನು ತಾವೇ ಅಳಿಸಿದರು.

ಆ ಊರಿನ ವಿಮಾನ ನಿಲ್ದಾಣದ ಹಿಂದೆ ಕಾರುಗಳ ಅಂಗಳ. ಕೌಂಟರಿನ ಹುಡುಗಿ ನಗುನಗುತ್ತಲೇ ಇನ್ನೂ ಎರಡು ಖರ್ಚು ಸೇರಿಸಿದಳು. ಮಾವ ಅದನ್ನು ಉಗುಳು ನುಂಗಿ ಸಹಿಸಿಕೊಂಡರು. ಕಾರನ್ನು ಒಂದು ಸುತ್ತು ಹಾಕಿ, ಬಾನೆಟ್ಟನ್ನು ಸವರಿ, ಎಡಗಡೆ ಬಾಗಿಲು ತೆಗೆದು ಕೂತರು. ಅತ್ತೆ, ಗಂಡ, ಮಗಳು ಹಿಂದೆ. ನಾನು ದಾರಿ ಹೇಳಲು ಬಲಗಡೆ. ನನ್ನ ಮುಂದೆ ಸ್ಟಿಯರಿಂಗಿಲ್ಲ, ಕಾಲಡಿ ಏನೂ ಇಲ್ಲ. ಮಾವನ ಮುಖ ಮದುಮಗನ ಹಾಗೆ ಅರಳಿತ್ತು.

ಕಾರು ಅಂಗಳದೊಳಗೆ ತೆವಳುತ್ತ ಗೇಟು ದಾಟಿತು. ಎದುರಿಗೇ ದೊಡ್ಡ ರಸ್ತೆ. ಮೂತಿ ರಸ್ತೆಗಿಳಿದದ್ದೇ ತಡ, ಪಕ್ಕದಿಂದ ಒಂದು ಲಾರಿ ಬರುತ್ತಿರುವುದು ಕಂಡಿತು. ಇನ್ನೂ ದೂರವಿತ್ತು, ಬೇಗ ದಾಟಿದರೆ ಆಗಿಹೋಗುತ್ತಿತ್ತು. ಮಾವ ಕ್ಲಚ್ಚು, ಬ್ರೇಕು ಎರಡನ್ನೂ ಒಟ್ಟಿಗೆ ಒತ್ತಿದರು. ನಟ್ಟನಡು ರಸ್ತೆಯಲ್ಲಿ ಕಾರು ನಿಂತಿತು. ಲಾರಿ ಹಾರನ್ ಹೊಡೆಯುತ್ತ ಬರುತ್ತಲೇ ಇತ್ತು. ಮಾವ ನನ್ನ ಕಡೆ ತಿರುಗಿದರು.

"ಆಕ್ಸಿಲರೇಟರ್ ಕೊಡಮ್ಮ! ಏನು ನೋಡ್ತಾ ಕೂತಿದ್ದೀ?"

ನಾನು ಕೊಟ್ಟೆ. ನನ್ನಾಣೆ, ಬರಿಯ ನೆಲವನ್ನು ಬಲಗಾಲಿನಲ್ಲಿ ಒತ್ತಿದೆ. ಲಾರಿ ಕಿರ್ರೆಂದು ಅರಚಿಕೊಂಡು ಗೇಣಿನಷ್ಟು ದೂರದಲ್ಲಿ ನಿಂತಿತು. ಅದರ ದೀಪ ನನ್ನ ಮಗಳ ಕಿಟಕಿಯ ತುಂಬ ತುಂಬಿಕೊಂಡಿತ್ತು. ಮಗಳು ಅಳಲಿಲ್ಲ, ಅವಳು ಅಳದಿದ್ದದ್ದಕ್ಕೇ ಇನ್ನೂ ಹೆದರಿಕೆಯಾಯಿತು. ಅಂಗಳದಲ್ಲಿ ಕಾರು ತೊಳೆಯುವವನು ಓಡಿಬಂದು, ಮಾವನನ್ನು ಇಳಿಸಿ, ಕಾರನ್ನು ಹಿಂದಕ್ಕೆ ತಂದು ಗೋಡೆಯ ಪಕ್ಕ ನಿಲ್ಲಿಸಿಕೊಟ್ಟ.

ಮಾವ ಗರ ಬಡಿದವರಂತೆ ನಿಂತು ತಮ್ಮ ಬಲಗಾಲನ್ನೇ ನೋಡುತ್ತಿದ್ದರು. ಆಮೇಲೆ ಅತ್ತೆಯನ್ನು ಕೇಳಿದರು, "ನಾನು ಕಾರು ಓಡಿಸಿ ಎಷ್ಟು ವರ್ಷ ಆಯ್ತೇ?"

ಅತ್ತೆ ಯೋಚಿಸಿದರು. ನಮಗೆ ಸ್ವಂತ ಕಾರೇ ಇರಲಿಲ್ಲ. ಸ್ಕೂಲಿನ ಕಾರೇ ಮನೆಯ ಕಾರು. ಮದುವೆಗೆ ಹೋಗುವುದಿರಲಿ, ನೆಂಟರನ್ನು ನೋಡಲು ಹೋಗುವುದಿರಲಿ, ಕಲಿಯುವವರೊಬ್ಬರನ್ನು ಹೈವೇ ಪಾಠವೆಂದು ಸ್ಟಿಯರಿಂಗಿಗೆ ಕೂರಿಸಿಕೊಂಡು ಮಾವ ಹೊರಡುತ್ತಿದ್ದರು. ನಮ್ಮ ಪ್ರಯಾಣಕ್ಕೆ ಕಲಿಯುವವರೇ ಫೀಸು ಕೊಡುತ್ತಿದ್ದರು. ಎಂಥ ಲೆಕ್ಕಾಚಾರ ಎಂದು ನಾವು ಬೀಗುತ್ತಿದ್ದೆವು.

"ಇವನ ಹೆರಿಗೆಗೆ ಆಸ್ಪತ್ರೆಗೆ ಹೋಗಿದ್ದು ನೆನಪಿದೆ. ಅವತ್ತೂ ನೀವು ಓಡಿಸ್ಲಿಲ್ಲ ರೀ. ಯಾವನೋ ಕಲಿಯೋನು ಓಡಿಸಿದ. ಮೂರು ಕಡೆ ಕಾರು ಆಫ್ ಆಯ್ತು" ಎಂದರು ಅತ್ತೆ, ನನ್ನ ಗಂಡನತ್ತ ಕೈ ತೋರಿಸಿ.

ನನ್ನ ಗಂಡ ಬಾಯಿ ತೆರೆದವರು ಮುಚ್ಚಲಿಲ್ಲ. ಇಡೀ ಊರಿಗೆ ಕಾರು ಕಲಿಸಿದ ಮನುಷ್ಯ ಇಷ್ಟು ವರ್ಷ ಕಾರು ಓಡಿಸಿಯೇ ಇಲ್ಲ ಎಂಬುದು ಒಂದೇ ಮನೆಯಲ್ಲಿದ್ದ ನಮಗೆ ತಿಳಿದಿರಲಿಲ್ಲ. ನನಗೆ ಎದೆ ಧಸಕ್ಕೆಂದದ್ದು ಇನ್ನೊಂದಕ್ಕೆ: ಅವರಿಗೂ ತಿಳಿದಿರಲಿಲ್ಲ.

ಟ್ಯಾಕ್ಸಿ ಹಿಡಿಯೋಣ ಎಂದರು ನನ್ನ ಗಂಡ. ಮಾವ ನನ್ನಿಂದ ಲೈಸೆನ್ಸು, ಪರವಾನಗಿ ಇಸಿದುಕೊಂಡು ಒಬ್ಬರೇ ಕೌಂಟರಿಗೆ ಹೋದರು. ಕೌಂಟರಿನ ಹುಡುಗಿ ಕರೆದಳೆಂದು ನಾನೂ ಹೋಗಿ ಸಹಿ ಹಾಕಿದೆ. ಎರಡನೆಯ ಡ್ರೈವರ್ ಎಂಬ ಸಾಲಿಗೆ ನನ್ನ ಹೆಸರು ಬಿತ್ತು. ಒಂದು ಕಾಸಿಗೂ ಚೌಕಾಸಿ ಮಾಡದೆ ಅವರು ದುಡ್ಡು ತೆತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

"ನನ್ನ ಕೈಲಾಗಲ್ಲ ಮಾವ" ಎಂದೆ. ಸುಳ್ಳಲ್ಲ. ಕಲಿತ ದಿನದಿಂದಲೂ ನಾನು ನನ್ನ ಬ್ರೇಕನ್ನು ನೆಚ್ಚಿದವಳೇ ಅಲ್ಲ. ಅವರ ಕಾಲು ಪಕ್ಕದಲ್ಲಿತ್ತಲ್ಲ, ಆ ಧೈರ್ಯ.

ಅವರು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. "ಈ ಅಂಗಳದಲ್ಲಿ ಹತ್ತು ಸುತ್ತು ಹೊಡಿ. ಆಮೇಲೆ ಹೇಳು."

ಸುತ್ತು ಹೊಡೆದೆ. ಎಡಗಡೆಯ ಸ್ಟಿಯರಿಂಗು, ಬಲಗೈಗೆ ಗೇರು, ಎಲ್ಲವೂ ತಿರುವುಮುರುವು. ಪಕ್ಕದಲ್ಲಿ ಮಾವನ ಬಲಗಾಲು ಬರಿಯ ನೆಲವನ್ನು ಒತ್ತುವ ಸದ್ದು ಪ್ರತಿ ತಿರುವಿನಲ್ಲೂ ಕೇಳುತ್ತಿತ್ತು. ಅದು ಕೇಳಿದಾಗಲೆಲ್ಲ ನನ್ನ ಕಾಲು ತಡವರಿಸುತ್ತಿತ್ತು. ಅದು ಅವರಿಗೂ ತಿಳಿಯಿತೆಂದು ಕಾಣುತ್ತದೆ. ಹತ್ತು ಸುತ್ತು ಮುಗಿದ ಮೇಲೆ ಉಳಿದ ಮೂವರೂ ಹಿಂದೆ ಹತ್ತಿ ಕೂತರು. ಗೇಟಿನ ಹತ್ತಿರ ಬಂದಾಗ ಮಾವ ಬಗ್ಗಿ ಏನೋ ಮಾಡುತ್ತಿದ್ದರು, ನಾನು ರಸ್ತೆಯ ಮೇಲೆ ಕಣ್ಣಿಟ್ಟಿದ್ದೆ.

ಮತ್ತೆ ಅದೇ ದೊಡ್ಡ ರಸ್ತೆ. ಪಕ್ಕದಿಂದ ವ್ಯಾನೊಂದು ಬಂತು. ನಾನು ಅವರ ಬ್ರೇಕಿಗಾಗಿ ಕಾದೆ. ಸದ್ದಿಲ್ಲ. ಅದು ಬರುವುದಿಲ್ಲ ಎಂಬುದು ಹೊಳೆದ ಗಳಿಗೆಯಲ್ಲಿ ನಾನೇ ಒತ್ತಿದೆ. ಕಾರು ರಸ್ತೆಯ ಅಂಚಿನಲ್ಲಿ ನಿಂತಿತು, ವ್ಯಾನು ದಾಟಿ ಹೋಯಿತು. ಹಿಂದಿನ ಸೀಟಿನಲ್ಲಿ ಯಾರೋ ಉಸಿರು ಬಿಟ್ಟರು.

"ಹೂಂ, ಈಗ ಹೋಗಮ್ಮ" ಎಂದರು ಮಾವ.

ಓರೆಗಣ್ಣಿನಲ್ಲಿ ನೋಡಿದೆ. ಮಾವ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ, ಎರಡೂ ಪಾದಗಳನ್ನು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಕೂತಿದ್ದರು. ಕೆಳಗೆ ಅವರ ಶೂಗಳು ಮಾತ್ರ ಇದ್ದವು.