ಪಾಲಿನ ಗುಳಿಗೆ

ಆ ದಿನ ಮಧ್ಯಾಹ್ನ ನಾನು ವಾಡಿ ಸ್ಟೇಷನ್ನಿನ ಗೂಡ್ಸ್ ಆಫೀಸಿನಿಂದ ಊಟಕ್ಕೆ ಮನೆಗೆ ಬಂದಾಗ ನನ್ನ ಹೆಂಡತಿ ರುಕ್ಮಾ ಹಿತ್ತಲಲ್ಲಿ ಕುಳಿತು ಅಡಕೊತ್ತಿನಿಂದ ಅಡಿಕೆ ಕತ್ತರಿಸುತ್ತಿದ್ದಳು. ರೊಟ್ಟಿ, ಪುಂಡಿಪಲ್ಲೆ, ಮಜ್ಜಿಗೆ. ನನಗೆ ಬಡಿಸಿ, ಒಂದು ಬಟ್ಟಲು ಪಲ್ಲೆಯನ್ನು ಗೋಡೆಯ ಮೇಲಿಟ್ಟು ಕೂಗಿದಳು. ನಮ್ಮ ಕ್ವಾರ್ಟರ್ಸಿಗೂ ಪಕ್ಕದ ಕ್ವಾರ್ಟರ್ಸಿಗೂ ನಡುವೆ ಎದೆಯೆತ್ತರದ ಫರಸಿ ಕಲ್ಲಿನ ಗೋಡೆ. ಆಚೆ, ಯಾರ್ಡಿನಲ್ಲಿ ಡಬ್ಬಿ ಜೋಡಿಸುವ ಶಂಟಿಂಗ್ ಖಲಾಸಿಯ ಹೆಂಡತಿ ಹುಸೇನಬಿ.

"ಇವತ್ತೂ ಪುಂಡಿಪಲ್ಲೇನಾ ಅಕ್ಕಾ? ಅಣ್ಣಾರಿಗೆ ಬ್ಯಾರೆ ಏನೂ ಮಾಡಿ ಹಾಕಂಗಿಲ್ಲೇನು?"

"ಬ್ಯಾಡಾಗಿದ್ರ ಬಟ್ಟಲ ಹೊಳ್ಳಿ ಕೊಡು."

"ಕೊಡ್ತೀನಿ. ಖಾಲಿ ಮಾಡಿ ಕೊಡ್ತೀನಿ."

ಖಾಲಿ ಬಟ್ಟಲು ಎಂದೂ ಬರುತ್ತಿರಲಿಲ್ಲ. ಒಂದು ಹಿಡಿ ಶೇಂಗಾ, ಎರಡು ನಿಂಬೆಹಣ್ಣು, ಸುಗ್ಗಿಯಲ್ಲಿ ಹಸಿ ತೊಗರಿಕಾಯಿ ಅದರಲ್ಲಿ ಇರುತ್ತಿತ್ತು. ಬೇಯಿಸಿದ್ದು ಮಾತ್ರ ಇರುತ್ತಿರಲಿಲ್ಲ. ನಮ್ಮದು ವೈಷ್ಣವರ ಮನೆ, ನನ್ನ ತಾಯಿ ಮಡಿಯವಳು. ಆ ಮನೆಯ ಒಲೆಯ ಮೇಲಿನದು ನಮ್ಮ ಮನೆಗೆ ಬರುವಂತಿರಲಿಲ್ಲ. ಇದನ್ನು ಯಾರೂ ಯಾರಿಗೂ ಹೇಳಿರಲಿಲ್ಲ. ಹುಸೇನಬಿಗೆ ಗೊತ್ತಿತ್ತು.

ಎಲೆ ಮಡಚಿ ಕೊಡುವಾಗ ರುಕ್ಮಾ ಕೆಮ್ಮಿದಳು. ಇಂಜಿನ್ ಹೊಗೆ ಅಂದಳು. ವಾಡಿಯಲ್ಲಿ ಕೆಮ್ಮದವರು ಯಾರಿದ್ದಾರೆ? ನಾನು ಎಲೆ ಅಗಿಯುತ್ತ ಆಫೀಸಿಗೆ ಹೋದೆ.

ಸಂಜೆ ಬಂದಾಗ ಬಚ್ಚಲಿನ ಕಲ್ಲಿನ ಮೇಲೆ ರಕ್ತ ಇತ್ತು.

ಮರುದಿನ ಪ್ಯಾಸೆಂಜರ್ ಹತ್ತಿ ಶಹಾಬಾದಿನ ಕಡೆ ಇದ್ದ ಕ್ಷಯದ ದವಾಖಾನೆಗೆ ಹೋದೆವು. ಎಕ್ಸ್-ರೇ ತೆಗೆದರು. ಡಾಕ್ಟರು ಹಳೇ ಮೈಸೂರಿನ ಕಡೆಯವರು. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅಂಥ ಕೆಲವರು ಬಂದಿದ್ದರು. ಒಳ್ಳೆಯ ಮನುಷ್ಯ. ಅವರ ಕನ್ನಡ ಪುಸ್ತಕದ ಹಾಗೆ ಕೇಳಿಸುತ್ತಿತ್ತು.

"ಎಡಗಡೆ ಶ್ವಾಸಕೋಶದಲ್ಲಿ ಟಿ.ಬಿ. ಆಗಿದೆ. ಗಾಬರಿಯಾಗಬೇಡಿ, ಗುಣವಾಗೋ ಕಾಯಿಲೆ."

ಗಾಬರಿ ಆಗಬೇಡಿ ಅಂದಾಗಲೇ ನನಗೆ ಗಾಬರಿಯಾದದ್ದು.

ಮನೆಯಲ್ಲಿ ಎಲ್ಲ ಬೇರೆಯಾಯಿತು. ಅವಳ ತಾಟು ಬೇರೆ, ತಂಬಿಗೆ ಬೇರೆ, ಹಾಸಿಗೆ ಪಡಸಾಲೆಯಲ್ಲಿ. ನಮ್ಮವ್ವ ಕೆಟ್ಟವಳಲ್ಲ. ಅನ್ನವನ್ನು ಮೇಲಿನಿಂದ ಹಾಕುತ್ತಿದ್ದಳು, ಆದರೆ ಬಿಸಿಯದನ್ನೇ ಹಾಕುತ್ತಿದ್ದಳು. ಗೋಡೆಯ ಮೇಲೆ ಬಟ್ಟಲು ಹೋಗಿಬರುವುದು ನಿಂತಿತು. ರುಕ್ಮಾ ಮುಟ್ಟಿದ್ದನ್ನು ಬೇರೆ ಮನೆಗೆ ಹೇಗೆ ಕಳಿಸುವುದು?

ಸ್ವಲ್ಪ ದಿನಕ್ಕೆ ಹುಸೇನಬಿಗೂ ಕೆಮ್ಮು ಹತ್ತಿತು. ಅವಳ ಗಂಡನಿಗೆ ಡ್ಯೂಟಿ ಬಿಡುವ ಹಾಗಿರಲಿಲ್ಲ. ಇಬ್ಬರನ್ನೂ ನಾನೇ ಕರೆದುಕೊಂಡು ಹೋದೆ. ಅವಳ ಎಕ್ಸ್-ರೇಯಲ್ಲೂ ಅದೇ.

"ಗ್ವಾಡಿ ಮ್ಯಾಲಿಂದ ಶೇಂಗಾ ಅಷ್ಟೇ ಬಂದಿಲ್ಲ," ಎಂದಳು ನಮ್ಮವ್ವ.

"ಇಲ್ಲಿಂದ ಪುಂಡಿಪಲ್ಲೆ ಅಷ್ಟೇ ಹೋಗಿಲ್ಲ ಬಿಡ್ರಿ," ಎಂದಳು ರುಕ್ಮಾ. ಯಾರಿಂದ ಯಾರಿಗೆ ಬಂತು ಎಂಬುದು ದೇವರಿಗೇ ಗೊತ್ತು.

ಅದೇ ಸಲ ಡಾಕ್ಟರು ನಮ್ಮನ್ನು ಕೂಡಿಸಿಕೊಂಡು ಹೇಳಿದರು. "ಮುಂದಿನ ತಿಂಗಳಿಂದ ಇಲ್ಲಿ ಒಂದು ಟ್ರಯಲ್ ಶುರುವಾಗುತ್ತೆ. ಹಳೇ ಔಷಧಿ ಒಂದು, ಹೊಸದು ಒಂದು. ಎರಡರಲ್ಲಿ ಯಾವುದು ಮೇಲು ಅಂತ ಗೊತ್ತಾಗಬೇಕು. ಯಾರಿಗೆ ಯಾವುದು ಅನ್ನೋದು ಮುಚ್ಚಿದ ಲಕೋಟೆಯಲ್ಲಿರುತ್ತೆ, ನಾನೂ ಆರಿಸೋ ಹಾಗಿಲ್ಲ. ಮಾತ್ರೆ ನೋಡೋಕೆ ಒಂದೇ ಥರ. ಬೇಡ ಅಂದ್ರೂ ಚಿಕಿತ್ಸೆ ಕೊಡ್ತೀವಿ. ಬಲವಂತ ಇಲ್ಲ."

"ಏನಂತಾರ್ರೀ ಅವರು?" ಎಂದು ರುಕ್ಮಾ ನನ್ನನ್ನು ಕೇಳಿದಳು.

ನಾನು ಹೇಳಿದೆ. ನಮ್ಮದು ಸನ್ನತಿಯ ಹತ್ತಿರ, ಹೊಳೆ ದಂಡೆಯ ಊರು. ನಮ್ಮ ಹೊಲ ಪಾಲಾದಾಗ ದೇವರ ಮುಂದೆ ಚೀಟಿ ಇಟ್ಟು ಎತ್ತಿಸಿದ್ದರು. "ನಮ್ಮ ಕಾಕಾಗೋಳು ಚೀಟಿ ಎತ್ತಿದ್ರಲ್ಲ, ಹಂಗ. ಯಾರ ಪಾಲಿಗೆ ಯಾವ ಗುಳಿಗಿ ಬಂತೋ ಅದು ಅವರದು. ಯಾರೂ ಯಾರ ಮ್ಯಾಲೂ ಸಿಟ್ಟಾಗಂಗಿಲ್ಲ."

"ಅಂದ್ರ ಒಬ್ಬಾಕಿಗೆ ಹೊಳಿ ದಂಡಿ ಹೊಲ, ಒಬ್ಬಾಕಿಗೆ ಬರೇ ಕಲ್ಲು," ಎಂದಳು ಹುಸೇನಬಿ.

"ಕಲ್ಲು ಬಂದ್ರೇನಾತು?" ರುಕ್ಮಾ ನಕ್ಕಳು. "ಇವರ ಕಾಕು ಹೊಳಿ ದಂಡಿ ಬದನಿಕಾಯಿ ಎಲ್ಲಾರ ಮನಿಗೂ ಕಳಸ್ತಿದ್ಲು."

ನಾವು ಮೂವರೂ ನಕ್ಕೆವು. ಅರ್ಥವಾಗದಿದ್ದರೂ ಡಾಕ್ಟರು ನಕ್ಕರು. ಇಬ್ಬರೂ ಹೂಂ ಅಂದರು.

ಗುಳಿಗೆಗಳು ದೊಡ್ಡವು, ಬಿಳಿಯವು. ಮೊದಮೊದಲು ಹೊಟ್ಟೆ ತೊಳಸುತ್ತಿತ್ತು. ಆಮೇಲೆ ಕೆಮ್ಮು ಇಳಿಯಿತು. ರುಕ್ಮಾಳ ತೂಕ ಏರಿತು, ಬಳೆ ಮೊಣಕೈವರೆಗೆ ಜಾರುವುದು ನಿಂತಿತು. ಬೆಳಿಗ್ಗೆ ಇಬ್ಬರೂ ಗೋಡೆಯ ಆಚೆ ಈಚೆ ನಿಂತು ಮಾತಾಡುತ್ತಿದ್ದರು. ತಿಂಗಳಿಗೊಮ್ಮೆ ದವಾಖಾನೆಗೆ ಹೋದರೆ ನರ್ಸ್ ಉಳಿದ ಗುಳಿಗೆ ಎಣಿಸುತ್ತಿದ್ದಳು. ಲೆಕ್ಕ ಎಂದೂ ತಪ್ಪಲಿಲ್ಲ.

"ಎಲ್ಲಾರೂ ನಿಮ್ಮ ವಾಡಿ ಹೆಣ್ಮಕ್ಕಳಂಗ ಇದ್ರ ನನಗ ಕೆಲಸಾನೇ ಇರಂಗಿಲ್ಲ ನೋಡ್ರಿ," ಎನ್ನುತ್ತಿದ್ದಳು.

ಒಂದು ದಿನ ಅಡಕೊತ್ತಿನ ಸಂದಿಯಲ್ಲಿ ಬಿಳಿ ಪುಡಿ ಕಂಡಿತು. ಡಾಕ್ಟರು ಎಲೆ ಅಡಿಕೆ ಬೇಡ ಎಂದಿದ್ದರು. ಕದ್ದು ಹಾಕಿಕೊಳ್ಳುತ್ತಿದ್ದಾಳೆ ಅಂದುಕೊಂಡೆ.

"ಸುಣ್ಣ ಹತ್ತೇದ ನೋಡು. ತೊಳೀಬಾರದೇನು?"

"ತೊಳೀತೀನಿ ಬಿಡ್ರಿ."

ಪಡಸಾಲೆಯಲ್ಲಿ ಒಬ್ಬಳೇ ಮಲಗುವವಳು. ಅಷ್ಟಾದರೂ ಇರಲಿ ಎಂದು ಸುಮ್ಮನಾದೆ.

ಚಳಿಗಾಲ ಮುಗಿಯುವಾಗ ರುಕ್ಮಾಳಿಗೆ ಕೆಮ್ಮು ಮರಳಿ ಬಂತು, ಜೊತೆಗೆ ಜ್ವರ.

ಈ ಸಲ ಎಕ್ಸ್-ರೇಯಲ್ಲಿ ಎರಡೂ ಕಡೆ ಇತ್ತು. ಡಾಕ್ಟರು ಬಹಳ ಹೊತ್ತು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಗುಳಿಗೆ ಕೆಲಸ ಮಾಡುತ್ತಿಲ್ಲ ಎಂದರು. ಟ್ರಯಲ್‌ನಿಂದ ಬಿಡಿಸಿ ದವಾಖಾನೆಯಲ್ಲೇ ಇಟ್ಟುಕೊಂಡರು. ಇಂಜೆಕ್ಷನ್ ಶುರುವಾಯಿತು. ನಾನು ರಜೆ ಹಾಕಿ ಹಾಸಿಗೆಯ ಪಕ್ಕ ಕುಳಿತೆ. ಮನೆಯಲ್ಲಿ ಅಷ್ಟು ಹತ್ತಿರ ಕುಳಿತಿರಲಿಲ್ಲ. ಅಲ್ಲಿ ನಮ್ಮವ್ವ ನೋಡುತ್ತಿದ್ದಳು, ಇಲ್ಲಿ ನೋಡುವವರು ಯಾರೂ ಇರಲಿಲ್ಲ.

"ಹುಸೇನಬಿ ಹೆಂಗದಾಳ್ರೀ?" ಎಂದು ಒಂದು ದಿನ ಕೇಳಿದಳು.

"ಛಲೋ ಅದಾಳ."

"ಹಂಗಾರ ಗುಳಿಗಿ ಇಬ್ಬರಿಗೂ ಹತ್ತಲಿಲ್ಲಂದ್ರೂ, ಒಬ್ಬಾಕಿಗರ ಹತ್ತಿತಲ್ಲ," ಎಂದಳು. ಜ್ವರದ ಮಾತು ಎಂದುಕೊಂಡೆ.

ಬೇಸಿಗೆಯ ಆರಂಭದಲ್ಲಿ ರುಕ್ಮಾ ಹೋದಳು.

ಕರ್ಮಗಳು ಮುಗಿದ ಮೇಲೆ ಒಂದು ಮಧ್ಯಾಹ್ನ ಹುಸೇನಬಿ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ನಮ್ಮ ಅಡಕೊತ್ತು.

"ಅಣ್ಣಾರ, ಇದು ಅಕ್ಕಂದು. ನನ್ನ ಕಡೆ ಉಳದಿತ್ತು."

"ನಿನ್ನ ಕಡೆ ಯಾಕ ಬಂತವಾ?"

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಕೆಳಗೆ ಕುಳಿತಳು. "ಇದರಾಗ ದಿನಾ ಗುಳಿಗಿ ಕತ್ತರಸ್ತಿದ್ವಿ. ಆಕೀದು ಅರ್ಧಾ ನನಗ, ನಂದು ಅರ್ಧಾ ಆಕಿಗೆ. ಎರಡರಾಗ ಒಂದರ ಛಲೋ ಇರ್ತದಲ್ಲ, ಇಬ್ಬರಿಗೂ ಅರ್ಧರ್ಧ ಸಿಗಲಿ ಅಂದ್ಲು. ಒಬ್ಬಾಕಿ ಉಳದು ಒಬ್ಬಾಕಿ ಹೋಗೋದು ಬ್ಯಾಡಂತ."

ನಾನು ಅವಳ ಕೈಯಲ್ಲಿದ್ದ ಅಡಕೊತ್ತಿನ ಸಂದಿ ನೋಡಿದೆ. ನಮ್ಮವ್ವ ಒಳಗಿನಿಂದ ಬಂದು ನಿಂತಿದ್ದಳು.

"ನಾ ಅಂದೆ, ನಾ ಮುಟ್ಟಿದ್ದು ನೀ ತಿಂದ್ರ ಅವ್ವಾರು ಏನಂದಾರು ಅಕ್ಕಾ ಅಂತ. ಗುಳಿಗಿಗೆ ಎಲ್ಲಿ ಮಡಿ, ತಾ ಇಲ್ಲೆ ಅಂದ್ಲು."

ಅಷ್ಟು ವರ್ಷ ಆ ಗೋಡೆಯ ಎರಡು ಬದಿ ಬಾಳಿದ ಈ ಹೆಂಗಸರಲ್ಲಿ ಹುಸೇನಬಿಯ ಕೈಯಿಂದ ರುಕ್ಮಾಳ ಬಾಯಿಗೆ ನೇರವಾಗಿ ಹೋದದ್ದು ಕಹಿಯಾದ ಅರ್ಧ ಗುಳಿಗೆ ಒಂದೇ. ಅದನ್ನು ತಪ್ಪು ಎನ್ನಲು ನನಗೆ ಆ ಹೊತ್ತಿನಲ್ಲಿ ಬಾಯಿ ಬರಲಿಲ್ಲ. ಈಗಲೂ ಬರುವುದಿಲ್ಲ.

"ಈಗ ಪೂರ್ತಿ ತೊಗೊಳ್ಳಾಕತ್ತೀ ಇಲ್ಲ?" ಎಂದು ಕೇಳಿದೆ.

ಅವಳು ಇಲ್ಲವೆಂದು ತಲೆಯಾಡಿಸಿದಳು. "ಬಿಟ್ಟೀನ್ರಿ. ಆಕಿ ಹೋದ ದಿನದಿಂದ. ಬಾಯಾಗ ಇಟ್ಟಕೊಳ್ಳಾಕ ಆಗವಲ್ದು." ಹೇಳುತ್ತ ಹೇಳುತ್ತ ಕೆಮ್ಮಿದಳು. ಆ ಕೆಮ್ಮು ನನಗೆ ಗೊತ್ತಿದ್ದ ಕೆಮ್ಮು.

ಮಾತಾಡಿದ್ದು ನಮ್ಮವ್ವ. "ನಾಳೆ ಮುಂಜಾನಿ ಗಾಡಿಗೆ ಇಕೀನ್ನ ಶಹಾಬಾದಕ್ಕ ಕರಕೊಂಡು ಹೋಗು. ಈ ಮನಿ ಸಾಲಿನ್ಯಾಗ ಒಂದು ಹೆಣ ಸಾಕು." ಆಮೇಲೆ ಹುಸೇನಬಿಗೆ ಹೇಳಿದಳು. "ಅದನ್ಯಾಕ ತಂದಿ? ನೀನ ಇಟ್ಕೋ. ನಮ್ಮನ್ಯಾಗ ಅಡಿಕಿ ಕತ್ತರಸೋರು ಯಾರದಾರ?"

ಡಾಕ್ಟರು ಎಲ್ಲ ಕೇಳಿದರು. ಇಬ್ಬರ ಲಕೋಟೆಯನ್ನೂ ಒಡೆದರು. ರುಕ್ಮಾಳದು ಹೊಸ ಗುಳಿಗೆ, ಹುಸೇನಬಿಯದು ಹಳೆಯದು.

"ಅರ್ಧ ಮಾತ್ರೆಗೆ ಕ್ರಿಮಿ ಸಾಯಲ್ಲ. ಕೆಲವು ಸಲ ಆ ಔಷಧಿಗೆ ಒಗ್ಗಿಹೋಗುತ್ತೆ. ಆಮೇಲೆ ಪೂರ್ತಿ ಕೊಟ್ರೂ ಕೇಳಲ್ಲ."

"ಅದಕ್ಕೇ ಹೋದಳೇನ್ರಿ?"

"ಹಾಗಂತ ಹೇಳೋಕೆ ಆಗಲ್ಲ ರಾಯರೇ. ಪೂರ್ತಿ ತೊಗೊಂಡವರಲ್ಲೂ ಕೆಲವರು ಹೋದರು." ಲಕೋಟೆಗಳನ್ನು ಮಡಚಿಟ್ಟು ಹೇಳಿದರು. "ಇವರಿಬ್ಬರನ್ನೂ ಟ್ರಯಲ್ ಲೆಕ್ಕದಿಂದ ತೆಗೀಬೇಕಾಗುತ್ತೆ. ಯಾವ ಗುಂಪಿಗೂ ಸೇರಲ್ಲ."

ಆಗಲಿ ಎಂದೆ. ಅದು ಅಷ್ಟು ದೊಡ್ಡ ಮಾತು ಎಂದು ಆಗ ಅನಿಸಲಿಲ್ಲ.

ಹುಸೇನಬಿಯನ್ನು ಅಲ್ಲೇ ಇಟ್ಟುಕೊಂಡು ಬೇರೆ ಔಷಧ ಕೊಟ್ಟರು. ಬಹಳ ದಿನ ಹಿಡಿಯಿತು. ಬದುಕಿದಳು. ಈಗ ಅವಳ ಕಫದಲ್ಲಿ ಕ್ರಿಮಿ ಇಲ್ಲ.

ಇಷ್ಟನ್ನು ಬರೆಯಲು ಕಾರಣವಿದೆ. ಆ ದವಾಖಾನೆಯಲ್ಲಿ ಮುಂದಿನ ತಿಂಗಳು ಮತ್ತೊಂದು ಟ್ರಯಲ್ ಶುರುವಾಗುತ್ತದೆ. ಡಾಕ್ಟರು ನನಗೆ ಹೇಳಿಕಳಿಸಿದ್ದರು. "ಹೋದ ಸಲ ನಾನು ಹೇಳಿದ್ದು ಜನಕ್ಕೆ ಸರಿಯಾಗಿ ಮುಟ್ಟಲಿಲ್ಲ. ಈ ಸಲ ನೀವೇ ನಿಮ್ಮ ಮಾತಲ್ಲಿ ಹೇಳಿ," ಎಂದಿದ್ದರು. ಹೋದ ವಾರ ನಾನು ಹೋದೆ. ಹುಸೇನಬಿ ತಾನೂ ಬರುತ್ತೇನೆಂದು ಬಂದಳು.

ವರಾಂಡದಲ್ಲಿ ಚಿತ್ತಾಪುರದವರು, ಸೇಡಂನವರು, ಚಿಂಚೋಳಿ ಕಡೆಯವರು ಕುಳಿತಿದ್ದರು. ನಾನು ತಿಳಿದಷ್ಟು ಹೇಳಿದೆ. ಎರಡು ಔಷಧ. ಯಾವುದು ಮೇಲೆಂದು ಯಾರಿಗೂ ಗೊತ್ತಿಲ್ಲ, ತಿಳಿಯಲಿಕ್ಕೇ ಈ ಪರೀಕ್ಷೆ. ಬೇಡ ಎನ್ನಬಹುದು, ನಡುವೆ ಬಿಡಲೂಬಹುದು, ಆಗಲೂ ಔಷಧ ಕೊಡುತ್ತಾರೆ. ಮೈಗೆ ಏನಾದರೂ ಆದರೆ ಆ ದಿನವೇ ಬಂದು ಹೇಳಬೇಕು.

"ಡಾಕ್ಟರಿಗೇ ಗೊತ್ತಿಲ್ಲಂದ್ರ ನಮ್ಮ ಮ್ಯಾಲ್ಯಾಕ ನೋಡ್ತೀರಿ?" ಎಂದ ಸೇಡಂನ ಒಬ್ಬ ಮುದುಕ.

"ಗೊತ್ತಿಲ್ಲಂತ ಬಾಯಿಬಿಟ್ಟು ಹೇಳೋ ಡಾಕ್ಟರನ್ನ ಮೊದಲೆಲ್ಲಿ ನೋಡೀರಿ ಕಾಕಾ?" ಎಂದೆ. ನಾಲ್ಕು ಜನ ನಕ್ಕರು.

ಯಾರಿಗೆ ಯಾವುದು ಎಂಬುದನ್ನು ಹೇಳುವಲ್ಲಿ ತಡವರಿಸಿದೆ. ಹೊಲದ ಪಾಲಿನ ಮಾತು ಬಾಯಿಗೆ ಬಂತು. ಕಾಕುವಿನ ಬದನೆಕಾಯಿ ನೆನಪಾಗಿ ನುಂಗಿಕೊಂಡೆ. ಆಗ ಹುಸೇನಬಿ ಎದ್ದು ನಿಂತಳು.

"ಎರಡು ಗಡಗಿ ಹಾಲು ಅದ ಅಂತ ತಿಳೀರಿ. ಒಂದಕ್ಕ ನಮ್ಮನಿ ಹೆಪ್ಪು, ಒಂದಕ್ಕ ನಿಮ್ಮನಿ ಹೆಪ್ಪು. ನಡುವ ಇದರದು ಅದಕ್ಕ, ಅದರದು ಇದಕ್ಕ ಸುರಿವಿದ್ರ ಯಾವ ಹೆಪ್ಪು ಛಲೋ ಅಂತ ಹೆಂಗ ಗೊತ್ತಾಗಬೇಕು? ಮೊಸರೂ ಆಗಂಗಿಲ್ಲ, ಹಾಲೂ ಉಳಿಯಂಗಿಲ್ಲ. ನಿಮ್ಮ ಗುಳಿಗಿ ನೀವ ತೊಗೋರಿ. ಪೂರ್ತಿ. ತಾಯಿ ಕೇಳಿದ್ರೂ ಕೊಡಬ್ಯಾಡ್ರಿ."

"ನಮ್ಮನ್ಯಾಗ ಬೆಕ್ಕು ಕುಡೀತದವಾ. ಅದನ್ನ ಯಾವ ಗುಂಪಿಗೆ ಹಾಕ್ತಿ?" ಎಂದಳು ಒಬ್ಬ ಮುದುಕಿ. ಎಲ್ಲರೂ ನಕ್ಕರು. ಹುಸೇನಬಿಯೂ ನಕ್ಕಳು. ಆಮೇಲೆ ಕುಳಿತು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

"ಹಿಂದಿನ ಪರೀಕ್ಷಾ ಏನಾತ್ರಿ? ಯಾವ ಗುಳಿಗಿ ಗೆದ್ದಿತು?" ಎಂದು ಸೇಡಂನ ಮುದುಕ ಕೇಳಿದ.

ಅದು ನನಗೂ ಗೊತ್ತಿರಲಿಲ್ಲ. ಡಾಕ್ಟರ ಮುಖ ನೋಡಿದೆ. ಅವರು ನನ್ನ ಕಡೆ ನೋಡದೆ ಹೇಳಿದರು. "ಎರಡೂ ಹೆಚ್ಚುಕಡಿಮೆ ಒಂದೇ. ಯಾವುದೇ ಇರಲಿ, ಪೂರ್ತಿ ತೊಗೊಂಡವರಲ್ಲಿ ಬಹಳ ಜನ ಗುಣವಾದರು."

ಜನ ನನ್ನ ಕಡೆ ತಿರುಗಿದರು. ನಾನು ಅದನ್ನೂ ನಮ್ಮ ಮಾತಿನಲ್ಲಿ ಹೇಳಿದೆ. ಎರಡೂ ಛಲೋ ಇದ್ದವಂತ ಎಂದೆ.

ಸಂಜೆ ಗಾಡಿಗೆ ನಾನೂ ಹುಸೇನಬಿಯೂ ವಾಡಿಗೆ ಮರಳಿದೆವು. ಮರುದಿನ ಗೋಡೆಯ ಮೇಲೆ ಒಂದು ಬಟ್ಟಲು ಇತ್ತು, ಅದರಲ್ಲಿ ಬಿಸಿ ಶಿರಾ. ನಮ್ಮವ್ವ ತಿನ್ನಲಿಲ್ಲ. ಆದರೆ ತಾನೇ ಹೋಗಿ ಇಳಿಸಿ ತಂದು ನನ್ನ ಮುಂದಿಟ್ಟಳು. ನಾನು ತಿಂದೆ.

ಹಳೆಯ ಗುಳಿಗೆ ತಿಂದವರಲ್ಲಿ ಇಷ್ಟು ಜನ ಗುಣವಾದರು, ಇಷ್ಟು ಜನ ಹೋದರು, ಹೊಸದು ತಿಂದವರಲ್ಲಿ ಇಷ್ಟು ಎಂದು ದವಾಖಾನೆಯಲ್ಲಿ ಲೆಕ್ಕ ಇದೆ. ಆ ಲೆಕ್ಕದಿಂದಲೇ ಮುಂದೆ ಬರುವವರಿಗೆ ಔಷಧ ಕೊಡುತ್ತಾರೆ. ಅದು ಒಳ್ಳೆಯದೇ.

ಆ ಎರಡು ಗುಂಪಿನಲ್ಲೂ ರುಕ್ಮಾ ಇಲ್ಲ.