ಹೊಗೆಯಿಲ್ಲದ ಬಾಟಲಿ

ಗ್ಲಾಸಕ್ಕ ಎದುರು ಬಂದರೆ ಉಸಿರು ಬಿಗಿಹಿಡಿಯಿರಿ ಎಂದು ಬೀದಿಯವರು ಹೇಳಿಕೊಳ್ಳುತ್ತಿದ್ದರು. “ನೀನು ಈರುಳ್ಳಿ ತಿಂದದ್ದಿರಲಿ, ಪಕ್ಕದ ಮನೆಯೋನು ತಿಂದದ್ದೂ ಅವಳ ಮೂಗಿಗೆ ಗೊತ್ತಾಗುತ್ತೆ!” ಕ್ಲಬ್ಬಿನ ಕೆಲಸ ಹೋದ ಮೇಲಿನ ಆರು ವರ್ಷ ಅದೇ ಬಾಯಿಗಳು ಬೇರೆ ರಾಗ ತೆಗೆದವು. “ಪೆಗ್ಗಕ್ಕ ಬಂದ್ಲು ನೋಡೇ. ತೊಳೆಯೋ ನೆಪದಲ್ಲಿ ತಳ ನೆಕ್ತಿದ್ಲಂತೆ.”

ನಡೆದದ್ದು ಇಷ್ಟು. ಗಂಡ ತೀರಿಕೊಂಡ ಮೇಲೆ ಕ್ಲಬ್ಬಿನಲ್ಲಿ ಗ್ಲಾಸು ತೊಳೆಯಲು ಸೇರಿದವಳು ಇಪ್ಪತ್ತೆರಡು ವರ್ಷ ಅದೇ ತೊಟ್ಟಿಯ ಮುಂದೆ ನಿಂತಳು. ತುಟಿಗೆ ಒಂದು ಹನಿ ಮುಟ್ಟಿಸಿದವಳಲ್ಲ. ಆದರೆ ಕುಡಿದಿಟ್ಟ ಗ್ಲಾಸು ಬೆಳಗಿನ ಹೊತ್ತಿಗೆ ಒಣಗಿರುತ್ತದಲ್ಲ, ಅದರ ತಳದಲ್ಲಿ ವಿಸ್ಕಿ ತನ್ನ ಕುಲಗೋತ್ರವನ್ನೆಲ್ಲ ಬಿಟ್ಟು ಹೋಗಿರುತ್ತದೆ. ಇದು ಜೇನು, ಇದು ಸೇಬು, ಇದು ಒಲೆಯ ಹೊಗೆ ಎಂದು ಮೂಸಿ ಮೂಸಿಯೇ ತೊಳೆಯುವಳು.

ಹಾಗಾಗಿ ಮೊದಲು ಗೊತ್ತಾದದ್ದು ಅವಳಿಗೇ. ಬಾಟಲಿ ಬೀರುವಿನ ಕೀಲಿಕೈ ಇದ್ದದ್ದು ಅದೇ ಕ್ಲಬ್ಬಿನಲ್ಲಿ ಕೆಲಸಕ್ಕಿದ್ದ ಅವಳ ಮೈದುನನ ಸೊಂಟದಲ್ಲಿ. ಸದಸ್ಯರು ತಂದು ಅಲ್ಲಿಟ್ಟ ಒಳ್ಳೆಯ ವಿಸ್ಕಿಯನ್ನು ಅವನು ಬಗ್ಗಿಸಿಕೊಂಡು ಅಗ್ಗದ್ದನ್ನು ತುಂಬುತ್ತಿದ್ದ. “ಬೇಡ ಕಣಪ್ಪಾ, ಸಿಕ್ಕಿಬೀಳ್ತೀಯ” ಎಂದು ಗುಟ್ಟಾಗಿ ಬುದ್ಧಿ ಹೇಳಿದಳು. ಹೇಳಿದ್ದೇ ತಪ್ಪಾಯಿತು. ಮರುವಾರ ಒಬ್ಬ ಸದಸ್ಯರ ಬಾಟಲಿ ನಾಲ್ಕು ಬೆರಳು ಇಳಿದಿತ್ತು. ಮೈದುನ ತಲೆ ತಗ್ಗಿಸಿ, “ನನ್ನ ಬಾಯಿಂದ ಹೇಗೆ ಹೇಳ್ಲಿ ಸಾರ್? ಅತ್ತಿಗೆ ಕೈ ಮೂಸಿ ನೋಡಿ” ಎಂದ. ಇಪ್ಪತ್ತೆರಡು ವರ್ಷ ಎಂಜಲು ವಿಸ್ಕಿಯಲ್ಲಿ ನೆಂದ ಕೈ ಮಲ್ಲಿಗೆಯ ಹಾಗೆ ಇರುತ್ತದೆಯೇ? ಕ್ಲಬ್ಬಿನ ಅಧ್ಯಕ್ಷರಾದ ಡಾಕ್ಟರು ಎಲ್ಲರೆದುರಿಗೆ ಆ ಕೈ ಮೂಸಿ ಮುಖ ತಿರುಗಿಸಿದರು. ಅಷ್ಟೇ ವಿಚಾರಣೆ. ಅವತ್ತೇ ಕೆಲಸ ಹೋಯಿತು.

ಆಮೇಲೆ ಮೈದುನನ ಮನೆಯ ಹಿಂದಿನ ಕೋಣೆಯೇ ಗತಿ. “ಕಳ್ಳಿಯಾದ್ರೂ ಅಣ್ಣನ ಹೆಂಡ್ತಿ, ಬೀದಿಗೆ ಹಾಕೋಕಾಗುತ್ತಾ?” ಎಂದು ಬಂದವರಿಗೆಲ್ಲ ಹೇಳಿ ಅವನು ದೊಡ್ಡ ಮನುಷ್ಯನಾದ. ಅವಳು ಅವನ ಪಾತ್ರೆ ತಿಕ್ಕುತ್ತ, ಕಂಡವರ ಬಟ್ಟೆ ಹೊಲಿಯುತ್ತ, ಹಲ್ಲು ಕಚ್ಚಿ ಕಾದಳು. ಅವನೇ ಇನ್ನು ಕ್ಲಬ್ಬಿನ ಮ್ಯಾನೇಜರ್ ಎಂಬ ಸುದ್ದಿ ಬಂದ ದಿನ ಕೂಡಿಟ್ಟ ಹೊಲಿಗೆಯ ಕಾಸು ಗಂಟು ಕಟ್ಟಿಕೊಂಡು ಎದ್ದು ಮದ್ಯದಂಗಡಿಗೆ ನಡೆದಳು.

“ಸಿಂಗಲ್ ಮಾಲ್ಟ್ ತೋರ್ಸಪ್ಪಾ. ಸ್ಕಾಚು.”

ಅಂಗಡಿಯವನು ನಕ್ಕ. “ಯಾರಿಗಮ್ಮಾ? ಅಳಿಯನಿಗಾ?”

“ಶತ್ರುಗೆ.”

“ಹಂಗಾದ್ರೆ ಈ ಹೊಗೆ ವಾಸನೇದು ತಗೊಳ್ಳಿ. ಗಂಟಲು ಸುಡುತ್ತೆ.”

“ಹೊಗೆ ಬೇಡ. ಹೊಗೆಯೊಳಗೆ ಏನು ಬೆರೆಸಿದ್ರೂ ಗೊತ್ತಾಗಲ್ಲ. ಮೆತ್ತಗಿರಬೇಕು. ಮಗು ನಿದ್ದೆ ಮಾಡ್ದಂಗೆ.”

ಅವನು ಮೇಲಿನ ಅರೆಯಿಂದ ಇಪ್ಪತ್ತೈದು ವರ್ಷದ್ದೊಂದನ್ನು ಇಳಿಸಿದ. ಅವಳು ಬೆಲೆ ನೋಡಿ ಬೇಡವೆಂದಳು. ಕೈ ಸಾಲದೆ ಮಾತ್ರವಲ್ಲ. ಅಂಥದ್ದಕ್ಕೆ ಮೈದುನ ಹೆದರುತ್ತಾನೆ, ತೀರಾ ಅಗ್ಗದ್ದನ್ನು ಮೂಸಿಯೂ ನೋಡುವುದಿಲ್ಲ. ಅವನ ಕೈ ತುರಿಸುವುದು ನಡುಬೆಲೆಯದಕ್ಕೆ. ಕೊನೆಗೆ ಹತ್ತು ವರ್ಷ ಪೀಪಾಯಿಯಲ್ಲಿ ಕೂತ, ಒಣಹುಲ್ಲಿನ ತಿಳಿ ಬಣ್ಣದ ಒಂದನ್ನು ಬೆಳಕಿಗೆ ಹಿಡಿದಳು. “ಇದರ ಖಾಲಿ ಗ್ಲಾಸು ಗೊತ್ತು ನಂಗೆ. ಜೇನು, ಮಾಗಿದ ಪೇರಳೆ. ಕಟ್ಟು.”

ಅಲ್ಲಿಂದ ಸೀದಾ ಡಾಕ್ಟರ ಕ್ಲಿನಿಕ್ಕು. ರೋಗಿಗಳ ಸಾಲಿನಲ್ಲೇ ಕೂತು, ಸರದಿ ಬಂದಾಗ ಮೇಜಿನ ಮೇಲೆ ಬಾಟಲಿ ಇಟ್ಟಳು.

“ಆವತ್ತು ನನ್ನ ಕೈ ಮೂಸಿದ್ರಿ. ಇವತ್ತು ಇದನ್ನ ಮೂಸಿ.”

ಬಿರಡೆ ತೆಗೆಸಿ, ಔಷಧಿ ಸೀಸೆಯೊಂದಕ್ಕೆ ಸ್ವಲ್ಪ ಬಗ್ಗಿಸಿ, ಡಾಕ್ಟರ ಕೈಯಿಂದಲೇ ಮುಚ್ಚಿಸಿ ಸಹಿ ಹಾಕಿಸಿದಳು. ಬಾಟಲಿಯಲ್ಲಿ ಉಳಿದದ್ದರ ಮಟ್ಟಕ್ಕೆ ಪೆನ್ಸಿಲ್ ಗೆರೆ. “ಸೀಸೆ ನಿಮ್ಮ ಹತ್ರ, ಬಾಟಲಿ ನಿಮ್ಮ ಹೆಸರಲ್ಲೇ ಕ್ಲಬ್ಬಿನ ಬೀರುವಲ್ಲಿ. ಎರಡು ವಾರ ಮುಟ್ಟಬೇಡಿ.”

“ಏನೂ ಆಗದಿದ್ರೆ?”

“ನಾನೇ ಕಳ್ಳಿ ಅಂತ ಡಂಗುರ ಹೊಡೆಸಿ.”

ಎರಡು ವಾರ ಕಳೆದು, ಮ್ಯಾನೇಜರ್ ಆಗುವ ಮಧ್ಯಾಹ್ನ, ಮೈದುನ ಇಸ್ತ್ರಿ ಕೋಟು ತೊಟ್ಟು ಕ್ಲಬ್ಬಿನಲ್ಲಿ ನಿಂತಿದ್ದ. ಡಾಕ್ಟರು ತಮ್ಮ ಬಾಟಲಿ ತರಿಸಿದರು. ಬಾಗಿಲಲ್ಲಿ ಅತ್ತಿಗೆಯನ್ನು ಕಂಡು ಅವನ ಹುಬ್ಬು ಗಂಟಾಯಿತು. ಆದರೂ ಬಾಟಲಿಯನ್ನು ಎತ್ತಿ ತೋರಿಸಿದ. “ಗೆರೆ ನೋಡಿ ಸಾರ್, ಒಂದು ಹನಿ ಇಳಿದಿಲ್ಲ!”

“ಅದು ನಿಜ,” ಎಂದಳು. ಆರು ವರ್ಷದ ಮೇಲೆ ಆ ಕೋಣೆಯಲ್ಲಿ ಅವಳ ಮೊದಲ ಮಾತು. “ಇಳಿದಿಲ್ಲ.”

ಒಂದು ಗ್ಲಾಸಿಗೆ ಸೀಸೆಯದು, ಇನ್ನೊಂದಕ್ಕೆ ಬಾಟಲಿಯದು. ಸದಸ್ಯರು ಒಬ್ಬೊಬ್ಬರೇ ಮೂಸಿದರು. ಮೊದಲನೆಯದರಲ್ಲಿ ಪೇರಳೆ, ಎರಡನೆಯದರಲ್ಲಿ ಸೀದ ಸಕ್ಕರೆ, ಬಣ್ಣದಂಗಡಿಯ ಘಾಟು. ಮೆತ್ತನೆಯ ವಿಸ್ಕಿ, ಕಳ್ಳತನಕ್ಕೆ ಅಡಗಲು ಅದರೊಳಗೆ ಒಂದು ಮೂಲೆಯೂ ಇರಲಿಲ್ಲ.

“ಕೀಲಿ ಯಾರ ಹತ್ರ ಇತ್ತು?” ಡಾಕ್ಟರು ಕೇಳಿದರು. ಮೈದುನ ಸೊಂಟದ ಕೀಲಿಯನ್ನು ಕೋಟಿನಿಂದ ಮುಚ್ಚಿಕೊಂಡ.

“ಅವನೂ ಮೂಸಲಿ ಸಾರ್. ಎಲ್ಲರೆದುರಿಗೆ,” ಎಂದಳು ಗ್ಲಾಸಕ್ಕ. ಅವನು ಮೂಸಿದ. ಅವನು ಮುಖ ತಿರುಗಿಸಿದ್ದನ್ನು ಅವಳು ಕಣ್ತುಂಬ ನೋಡಿದಳು. ಡಾಕ್ಟರು ಕ್ಷಮೆ ಕೇಳಿ ಹಳೆಯ ಕೆಲಸ ಕೊಡುತ್ತೇವೆ ಎಂದರು. “ನಿಮ್ಮ ಎಂಜಲು ನೀವೇ ತೊಳ್ಕೊಳ್ಳಿ,” ಎಂದು ಎರಡನೆಯ ಗ್ಲಾಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು.

ಸಂಜೆ ಮೈದುನ ಕೆಲಸ ಕಳೆದುಕೊಂಡು ಮನೆಗೆ ಬಂದಾಗ ಅವಳ ಟ್ರಂಕು ಹೊಸಿಲಲ್ಲಿತ್ತು. “ಅತ್ತಿಗೇ, ಆರು ವರ್ಷ ಅನ್ನ ಹಾಕಿದ್ದೀನಿ. ಏನೋ ತಪ್ಪು ತಿಳಿದೆ ಅಂತ ಡಾಕ್ಟರಿಗೆ ಒಂದ್ಮಾತು ಹೇಳು. ಕಾಲಿಗೆ ಬೀಳ್ತೀನಿ.”

“ಬೀಳು,” ಎಂದಳು. ಅವನು ನಿಜಕ್ಕೂ ಬಗ್ಗಿದ. ಅವಳು ಕಾಲು ಹಿಂದಕ್ಕೆ ತೆಗೆದುಕೊಂಡಳು.

ಬೀದಿಯವರೆಲ್ಲ ತಂತಮ್ಮ ಬಾಗಿಲಲ್ಲಿ ನಿಂತಿದ್ದರು. ಪೆಗ್ಗಕ್ಕ ಎಂದು ಒಬ್ಬರ ಬಾಯಿಂದಲೂ ಹೊರಡಲಿಲ್ಲ. ತಳದಲ್ಲಿ ವಿಸ್ಕಿ ಒಣಗುತ್ತಿದ್ದ ಗ್ಲಾಸನ್ನು ಅವಳು ಕಿಟಕಿಯ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಳು.

“ತೊಳೆದಿಡು,” ಎಂದು ಟ್ರಂಕು ಎತ್ತಿಕೊಂಡು ಹೊರಟಳು.